ಇಲ್ಲದ ಉಬ್ಬು

ರಸ್ತೆಯ ಮೇಲೆ ಬಿಳಿ ಗೆರೆ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಅದನ್ನು ಯಾರೋ ಒಬ್ಬರು ಮಂಡಿಯೂರಿ ಕೂತು ಎಳೆದಿರುತ್ತಾರೆ ಎಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಆ ಯಾರೋ ಒಬ್ಬರೇ ಗೆರೆಯಕ್ಕ. ಇಪ್ಪತ್ತಾರು ವರ್ಷಗಳಿಂದ ಊರಿನ ಅರ್ಧಕ್ಕರ್ಧ ರಸ್ತೆಗಳ ನಡುಗೆರೆ, ಅಂಚುಗೆರೆ, ಶಾಲೆ ಆಸ್ಪತ್ರೆಗಳ ಮುಂದೆ ಜನ ದಾಟುವ ಪಟ್ಟೆ, ಎಲ್ಲ ಅವಳ ಕೈಯವು. ವಯಸ್ಸು ಐವತ್ತೆರಡು. ಬಿಸಿ ಬಣ್ಣ ಸಿಡಿದು ಸಿಡಿದು ಮುಂಗೈ ತುಂಬ ಸಣ್ಣ ಸಣ್ಣ ಬಿಳಿ ಕಲೆ. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇರಬೇಕು, ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ.

ಮಾತು ಕಡ್ಡಿ ಮುರಿದಂತೆ. ಒಮ್ಮೆ ರಸ್ತೆ ಕಚೇರಿಯ ದೊಡ್ಡ ಸಾಹೇಬರು ಇನ್ನೂ ಆರದ ಗೆರೆಯ ಮೇಲೆ ಕಾರು ಹತ್ತಿಸಿಬಿಟ್ಟರು. ಗೆರೆಯಕ್ಕ ಕಾರು ನಿಲ್ಲಿಸಿ, ಸಾಹೇಬರ ಕೈಗೆ ಚಿಂದಿ ಬಟ್ಟೆ ಕೊಟ್ಟು, ಚಕ್ರ ಒರೆಸಿಸಿ ಕಳಿಸಿದಳು. ಸಾಹೇಬರು ಒರೆಸಿದರು ಕೂಡ. ಅವಳು ಹಾಗೆ ನಿಂತು ನೋಡುತ್ತಿದ್ದರೆ ಯಾರಾದರೂ ಒರೆಸುತ್ತಾರೆ.

ಅವಳ ಕಸುಬಿಗೆ ಒಂದು ಕ್ರಮವಿದೆ. ಮೊದಲು ಎಂಜಿನಿಯರು ಬಂದು ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗುತ್ತಾರೆ. ಆಮೇಲೆ ತಾರಿನ ಗುಂಪು ಬಂದು ಕಟ್ಟುವುದನ್ನು ಕಟ್ಟುತ್ತದೆ. ಕೊನೆಗೆ ಕಂಟ್ರಾಕ್ಟರನ ಬಣ್ಣದ ಲಾರಿ. ಲಾರಿಯಲ್ಲಿ ಮೂವರು: ಚಾಲಕ, ಬಣ್ಣದ ಪುಡಿ ಕರಗಿಸುವ ಕೊಪ್ಪರಿಗೆ ಕಾಯುವವನು, ಮತ್ತೆ ಗೆರೆಯಕ್ಕ. ಬಣ್ಣದವರ ನಿಯಮ ಒಂದೇ, ಸೀಮೆಸುಣ್ಣ ಎಲ್ಲಿದೆಯೋ ಅಲ್ಲಿ ಬಣ್ಣ. ಏಕೆ, ಏನು ಎಂದು ಕೇಳುವುದು ಅವರ ಕೆಲಸವಲ್ಲ. ಈ ಕಥೆಯ ಗಲಾಟೆ ಎಲ್ಲ ಹುಟ್ಟಿದ್ದು ಈ ನಿಯಮದಿಂದಲೇ.

ಅವಳ ಗಂಡ ಕ್ಷೌರಿಕ. ಅಂಗಡಿ ಇಲ್ಲ. ಹಾಸಿಗೆ ಹಿಡಿದವರ, ಮೆಟ್ಟಿಲಿಳಿಯಲಾಗದ ಮುದುಕರ ಮನೆಗೇ ಸೈಕಲ್ಲಿನಲ್ಲಿ ಹೋಗಿ ಗಡ್ಡ ಹೆರೆದು, ಕೂದಲು ಕತ್ತರಿಸಿ, ಊರ ಸುದ್ದಿ ಹೇಳಿ ಬರುತ್ತಿದ್ದ. ಹೆಂಡತಿ ಎಷ್ಟು ಖಾರವೋ ಅವನು ಅಷ್ಟೇ ತಣ್ಣಗೆ. ಹೋದ ವರ್ಷ ಅವರ ಬಡಾವಣೆಯ ಲಾಂಡ್ರಿ ತಿರುವಿನಲ್ಲಿ ಹಿಂದಿನಿಂದ ಬಂದ ಕಾರೊಂದು ಅವನನ್ನು ಸವರಿ ಬೀಳಿಸಿ ಹೋಯಿತು. ಕಾರು ನಿಲ್ಲಲೂ ಇಲ್ಲ. ಇವನ ಮಂಡಿ ಚಿಪ್ಪು ಎರಡು ಹೋಳಾಯಿತು. ಐದು ತಿಂಗಳಲ್ಲಿ ಮಂಡಿ ಕೂಡಿಕೊಂಡಿತು, ಡಾಕ್ಟರು ಓಡಾಡಿ ಎಂದರು. ಆದರೆ ಸೈಕಲ್ಲಿಗೆ ಹಳೇ ಹೊದಿಕೆ ಹೊದಿಸಿ ಓಣಿಗೋಡೆಗೆ ಒರಗಿಸಿದವನು ಮತ್ತೆ ಮುಟ್ಟಲಿಲ್ಲ. ಕೇಳಿದರೆ, "ಇನ್ನೂ ಸ್ವಲ್ಪ ಹಿಡಿದುಕೊಳ್ಳುತ್ತೆ ಕಣೇ" ಎಂದು ಮಂಡಿ ನೀವಿಕೊಳ್ಳುತ್ತಿದ್ದ. ಹಿಡಿದುಕೊಂಡಿದ್ದು ಮಂಡಿಯಲ್ಲ, ಭಯ. ಇದು ಗೆರೆಯಕ್ಕನಿಗೂ ಗೊತ್ತಿತ್ತು. ಆ ವಿಷಯದಲ್ಲಿ ಮಾತ್ರ ಅವಳು ಕಡ್ಡಿ ಮುರಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗಂಡ ಕಿಟಕಿ ಪಕ್ಕ ಕೂತು ಕತ್ತರಿ ಮಸೆಯುತ್ತಿದ್ದ.

ಅವರ ಬಡಾವಣೆ ಎರಡು ದೊಡ್ಡ ರಸ್ತೆಗಳ ನಡುವೆ ಇದೆ. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ನಿಲ್ಲಲು ಬೇಸರವಾದವರೆಲ್ಲ ಬಡಾವಣೆಯೊಳಗೆ ನುಗ್ಗಿ, ಲಾಂಡ್ರಿ ತಿರುವು ತಿರುಗಿ, ಆ ಕಡೆ ಹೊರಬೀಳುತ್ತಾರೆ. ಉಳಿಯುವುದು ಆರು ನಿಮಿಷ. ಆರು ನಿಮಿಷ ಉಳಿಸಿ ಏನು ಕಡಿದು ಕಟ್ಟೆ ಹಾಕುತ್ತಾರೋ ದೇವರೇ ಬಲ್ಲ. ಕಚೇರಿಗೆ ಅರ್ಜಿಯ ಮೇಲೆ ಅರ್ಜಿ ಹೋಗಿ, ಕೊನೆಗೆ ಲಾಂಡ್ರಿ ತಿರುವಿಗೆ ಮುಂಚೆ ಒಂದು ರಸ್ತೆ ಉಬ್ಬು, ಜನರ ಬಾಯಲ್ಲಿ ಹಂಪು, ಹಾಕುವುದೆಂದು ಆದೇಶವಾಯಿತು. ಎಂಜಿನಿಯರು ಸೀಮೆಸುಣ್ಣದ ಗುರುತು ಹಾಕಿದರು. ಬೋರ್ಡಿನವರು ಬಂದು 'ಮುಂದೆ ಉಬ್ಬು ಇದೆ' ಎಂಬ ಬೋರ್ಡು ನೆಟ್ಟು ಹೋದರು.

ವಿರೋಧ ಎದ್ದಿತು. ಅದರ ಮುಂದಾಳು ಮಂಚದಂಗಡಿ ಯಜಮಾನರು. ಮಂಚ, ಕಪಾಟು, ಕನ್ನಡಿ ಮಾರುವ ದೊಡ್ಡ ಅಂಗಡಿ ಅವರದು. ಕೆಟ್ಟ ಮನುಷ್ಯರೇನಲ್ಲ, ಯಾರ ಮನೆಯಲ್ಲಿ ಸಾವಾದರೂ ಕುರ್ಚಿಗಳನ್ನು ಬಿಟ್ಟಿ ಕಳಿಸಿಕೊಡುತ್ತಿದ್ದರು. ಆದರೆ ಮೂವತ್ತು ವರ್ಷ ಓಡಾಡಿದ ದಾರಿಯಲ್ಲಿ ತಮಗೆ ನಿಧಾನ ಹೋಗಿ ಎಂದು ಹೇಳುವವರು ಯಾರು ಎಂಬುದು ಅವರ ಪ್ರಶ್ನೆ. ತಾರಿನ ಗುಂಪು ಬರುವ ಬೆಳಿಗ್ಗೆ ಸೀಮೆಸುಣ್ಣದ ಗುರುತಿನ ಮೇಲೆ ಸಾಲಾಗಿ ಆರು ಕಾರು ನಿಂತಿದ್ದವು. ತಾರು ಆರತೊಡಗಿತು, ಗುಂಪು ಬೈದುಕೊಂಡು ವಾಪಸಾಯಿತು. ಯಜಮಾನರ ಕಡೆಯವರು ಗೆದ್ದೆವೆಂದು ಸಂಜೆ ಹೊತ್ತಿಗೆ ಕಾರು ತೆಗೆದುಕೊಂಡು ಹೋದರು. ಆ ವಾರ ಊರಾಚೆಯ ಹೆದ್ದಾರಿ ಕೆಲಸದಲ್ಲಿ ಬೀಡುಬಿಟ್ಟಿದ್ದ ಬಣ್ಣದ ಲಾರಿಗೆ ಇದನ್ನೆಲ್ಲ ಯಾರೂ ಹೇಳಲಿಲ್ಲ. ಹೇಳಬೇಕಾದವರು ಬೇರೆಯವರು ಹೇಳಿರುತ್ತಾರೆಂದು ಸುಮ್ಮನಾದರು.

ಎರಡು ದಿನದ ಮೇಲೆ ಕೆಲಸದ ಚೀಟಿ ಹಿಡಿದು ಲಾರಿ ಬಂತು. ಸೀಮೆಸುಣ್ಣ ಇತ್ತು. ಬೋರ್ಡು ಇತ್ತು. ಉಬ್ಬು ಇರಲಿಲ್ಲ.

"ಅಕ್ಕಾ, ಇಲ್ಲಿ ಏನೂ ಇಲ್ವಲ್ಲ," ಎಂದ ಕೊಪ್ಪರಿಗೆಯವನು. "ಕಂಟ್ರಾಕ್ಟರಿಗೆ ಫೋನ್ ಮಾಡಿ ಕೇಳೋಣ್ವಾ?"

ಗೆರೆಯಕ್ಕ ಚಪ್ಪಟೆ ರಸ್ತೆಯನ್ನು ನೋಡಿದಳು. ಆಚೆಗಿನ ಲಾಂಡ್ರಿ ತಿರುವನ್ನು ನೋಡಿದಳು. ಅಲ್ಲಿ ಮೋರಿ ಕಲ್ಲಿನ ಪಕ್ಕ ತನ್ನ ಗಂಡ ಬಿದ್ದಿದ್ದ ಜಾಗ.

"ಸೀಮೆಸುಣ್ಣ ಇದೆಯೋ ಇಲ್ವೋ?"

"ಇದೆ."

"ಹಾಗಾದ್ರೆ ಬಣ್ಣ ಕಾಯ್ಸು."

ಅವಳು ಆ ದಿನ ಮಾಡಿದ ಕೆಲಸ ಇಪ್ಪತ್ತಾರು ವರ್ಷದಲ್ಲಿ ಮಾಡಿರಲಿಲ್ಲ. ಉಬ್ಬಿನ ಮೇಲೆ ಬಿಳಿ ತ್ರಿಕೋನ ಬರೆಯುವುದು ಸುಲಭ, ಉಬ್ಬೇ ಅರ್ಧ ಕೆಲಸ ಮಾಡುತ್ತದೆ. ಚಪ್ಪಟೆ ನೆಲದ ಮೇಲೆ ಬರೆದು ಉಬ್ಬು ಕಾಣಿಸುವುದು ಬೇರೆಯೇ ವಿದ್ಯೆ. ತ್ರಿಕೋನದ ತುದಿಗಳನ್ನು ಗೇಣುದ್ದ ಹೆಚ್ಚು ಎಳೆದಳು, ಬುಡ ಅಗಲಿಸಿದಳು. ಎರಡು ಸಾಲುಗಳ ನಡುವೆ ಕಪ್ಪು ಪಟ್ಟೆ ಬಿಟ್ಟು ನೆರಳು ಬಿದ್ದಂತೆ ಮಾಡಿದಳು. ನಡುಗೆರೆಯನ್ನು ಅಲ್ಲಿ ಎರಡು ಬೆರಳಷ್ಟು ಬಾಗಿಸಿ ಮತ್ತೆ ನೇರಕ್ಕೆ ತಂದಳು, ದೂರದಿಂದ ನೋಡಿದರೆ ಗೆರೆ ಯಾವುದನ್ನೋ ಹತ್ತಿ ಇಳಿದ ಹಾಗೆ. ಬಣ್ಣ ಆರುವ ಮೊದಲು, ರಾತ್ರಿ ದೀಪಕ್ಕೆ ಹೊಳೆಯಲೆಂದು ಗಾಜಿನ ಮಣಿಪುಡಿ ಉದುರಿಸಿದಳು. ಆಮೇಲೆ ರಸ್ತೆಯ ಆ ತುದಿಗೆ ನಡೆದುಹೋಗಿ, ಕಾರಿನ ಸೀಟಿನಷ್ಟು ಎತ್ತರಕ್ಕೆ ಬಗ್ಗಿ ನಿಂತು ನೋಡಿದಳು.

"ಅಯ್ಯೋ ನಿನ್ನ," ಎಂದ ಕೊಪ್ಪರಿಗೆಯವನು ಪಕ್ಕದಲ್ಲಿ ಬಗ್ಗಿ. "ಎದ್ದೇ ಬಿಡ್ತಲ್ಲಕ್ಕ ಹಂಪು!"

"ಬಾಯಿ ಮುಚ್ಕೊಂಡು ಲಾರಿ ಹತ್ತು," ಎಂದಳು ಗೆರೆಯಕ್ಕ.

ಮರುದಿನದಿಂದ ಕಾರುಗಳು ಬೋರ್ಡು ನೋಡಿ, ಬಣ್ಣ ನೋಡಿ, ಗಕ್ಕನೆ ಬ್ರೇಕ್ ಹಾಕತೊಡಗಿದವು. ಓಡುವ ಕಾರಿಗೆ ಹಾಗೆ ಬ್ರೇಕ್ ಒತ್ತಿದರೆ ಅದರ ಮೂತಿ ತಾನೇ ಕುಸಿದು ಮೇಲೇಳುತ್ತದೆ. ಒಳಗೆ ಕೂತವರಿಗೆ ಉಬ್ಬು ಹತ್ತಿ ಇಳಿದಂತೆಯೇ. ಒಬ್ಬರಾದರೂ ಇಳಿದು ನೋಡಿದರೆ? ಊಹೂಂ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ, ಹಾಗಾಯಿತು.

ಗಂಡ ಮೂರು ವಾರ ಗೇಟಿನ ಬಳಿ ನಿಂತು ಕಾರುಗಳು ನಿಧಾನವಾಗುವುದನ್ನು ನೋಡಿದ. ನಾಲ್ಕನೇ ಸೋಮವಾರ ಗೆರೆಯಕ್ಕ ಕೆಲಸದಿಂದ ಬಂದಾಗ ಸೈಕಲ್ಲಿನ ಹೊದಿಕೆ ಒಗೆದು ಹಗ್ಗದ ಮೇಲೆ ಒಣಗುತ್ತಿತ್ತು. ಹಾಸಿಗೆ ಹಿಡಿದ ಹಳೇ ಮೇಷ್ಟ್ರ ಮನೆಗೆ ಹೋಗಿದ್ದನಂತೆ.

"ಎದೆ ಮುಟ್ಟೋ ಗಡ್ಡ," ಎಂದ. "ಮಗಳ ಕೈಲಿ ಗಡ್ಡ ಮುಟ್ಟಿಸಿಕೊಳ್ಳಲ್ಲ ಅಂತ ವರ್ಷವಿಡೀ ಹಟ ಹಿಡಿದು ಮಲಗಿದ್ರಂತೆ. ನನ್ನ ನೋಡಿ ಮೊದಲು ಬೈದ್ರು. ಆಮೇಲೆ ಕನ್ನಡಿ ಕೇಳಿದ್ರು."

ಅವನ ಮುಖದಲ್ಲಿ ವರ್ಷದಿಂದ ಕಾಣದ ನಗು. ಗೆರೆಯಕ್ಕ ಒಳಗೆ ಹೋಗಿ, ಕೈಕಾಲು ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಸಂತೋಷಕ್ಕೆ ಅವಳು ಅತ್ತದ್ದು ಅದೇ ಮೊದಲು.

ಇತ್ತ ಯಜಮಾನರು ಬಣ್ಣ ಬಳಿದ ವಾರ ಪರವೂರಿಗೆ ಹೋಗಿದ್ದರು. ಬರುತ್ತಲೇ ತಮ್ಮ ಬೆನ್ನ ಹಿಂದೆ ಮೋಸ ನಡೆದಿದೆ ಎಂದುಕೊಂಡರು. ತಾವಿಲ್ಲದಾಗ ಕಚೇರಿಯವರು ಕದ್ದು ಹಂಪು ಹಾಕಿದ್ದಾರೆ! ಸಹಿ ಸಂಗ್ರಹ ಶುರುವಾಯಿತು. ಕಾಗದ ಹಿಡಿದು ಗೆರೆಯಕ್ಕನ ಮನೆಗೆ ಬಂದವಳು ಬೇರೆ ಯಾರೂ ಅಲ್ಲ, ಸ್ವಂತ ನಾದಿನಿ. ಮಂಚದಂಗಡಿಯ ವ್ಯಾನು ಓಡಿಸಿ ಮನೆಮನೆಗೆ ಸಾಮಾನು ಮುಟ್ಟಿಸುವುದು ಅವಳ ಕೆಲಸ.

"ಅತ್ತಿಗೆ, ಇಲ್ಲೊಂದು ಸಹಿ ಹಾಕಿ. ಆ ಹಂಪು ತೆಗೆಸೋಕೆ."

"ಹಂಪು ನಿಂಗೇನು ಮಾಡ್ತು?"

"ಏನು ಮಾಡ್ತಾ? ಮೊನ್ನೆ ವ್ಯಾನಲ್ಲಿ ಆಳೆತ್ತರದ ಕನ್ನಡಿ ಇತ್ತು. ಹಂಪು ಎತ್ತಿ ಹಾಕ್ತು ನೋಡಿ, ಎರಡು ಹೋಳು!"

"ಎತ್ತಿ ಹಾಕ್ತಾ?"

"ಎತ್ತಿ ಅಂದ್ರೆ ಎತ್ತಿ! ನನ್ನ ತಲೆ ಮೇಲಕ್ಕೆ ಬಡೀತು."

ಗೆರೆಯಕ್ಕ ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡಳು. ಆಮೇಲೆ ನಗು ತಾನೇ ಹೋಯಿತು. "ನಿಮ್ಮಣ್ಣ ಬಿದ್ದ ಜಾಗ ಅದು. ನೆನಪಿದೆ ತಾನೆ?"

ನಾದಿನಿಯ ಮುಖ ಸಣ್ಣದಾಯಿತು. "ಅವನನ್ನ ಆಸ್ಪತ್ರೆಗೆ ಹಾಕ್ಕೊಂಡು ಹೋದೋಳೇ ನಾನು, ಅತ್ತಿಗೆ. ನಂಗೆ ನೆನಪಿರಲ್ವಾ? ಆದ್ರೆ ಯಜಮಾನ್ರು ಕೆಲಸ ಕೊಟ್ಟಿರೋರು. ಅಂಗಡಿಯವರೆಲ್ಲ ಸಹಿ ಹಾಕಿ ನಾನೊಬ್ಳು ಹೇಗೆ ಬೇಡ ಅನ್ಲಿ? ನಂಗೂ ಸಂಸಾರ ಇದೆ."

"ನಿಂಗೆ ಸಂಸಾರ ಇದೆ, ಅವನಿಗೆ ಮಂಡಿ ಇದೆ. ನಡಿ, ಸಹಿ ಇಲ್ಲ."

ನಾದಿನಿ ಸೆಟೆದುಕೊಂಡು ಹೋದಳು. ಅರವತ್ತೆರಡು ಸಹಿಯಾಯಿತು. ಕಾಗದದ ತಲೆಯಲ್ಲಿ 'ಹಂಪಿನಿಂದಾಗಿ ಇಲ್ಲಿ ನಡೆದು ಹೋಗುವಷ್ಟು ನಿಧಾನ ಹೋಗಬೇಕಾಗಿದೆ' ಎಂದಿತ್ತು. ಸಹಿ ಹಾಕಿದವರೆಲ್ಲ ಪಕ್ಕದಲ್ಲಿ ತಮ್ಮ ತಮ್ಮ ಕಷ್ಟ ಬರೆದಿದ್ದರು. ಒಬ್ಬರ ಕಾರಿನ ತಳ ಉಜ್ಜುತ್ತದಂತೆ. ಇನ್ನೊಬ್ಬರ ಅತ್ತೆಗೆ ಹಂಪು ದಾಟಿದಾಗಲೆಲ್ಲ ಹಲ್ಲಿನ ಸೆಟ್ಟು ಜಾರುತ್ತದಂತೆ. ಯಜಮಾನರ ಬೆನ್ನೆಲುಬಿನ ನಾಲ್ಕನೇ ಮಣಿ ಸರಿದಿದೆಯಂತೆ.

ಕಾಗದದ ಪ್ರತಿ ಕಂಟ್ರಾಕ್ಟರಿಗೂ ಹೋಯಿತು. ಅವನು ಬಂದು ರಸ್ತೆ ನೋಡಿದ, ಕಾಲಿನಿಂದ ಒತ್ತಿ ನೋಡಿದ, ತಲೆಗೆ ಕೈ ಕೊಟ್ಟ. ಸಂಜೆ ಅವಳ ಮುಂದೆ ಒಂದು ಹಾಳೆ ಇಟ್ಟ. ಉಬ್ಬು ಇಲ್ಲದ ಜಾಗದಲ್ಲಿ ಗಮನವಿಲ್ಲದೆ, ತಪ್ಪಿನಿಂದ ಬಣ್ಣ ಬಳಿದಿದ್ದೇನೆ, ಕ್ಷಮಿಸಬೇಕು ಎಂದು ಬರೆದಿತ್ತು.

"ಸಹಿ ಹಾಕಮ್ಮ. ನಾಡಿದ್ದು ಶಾಲೆ ಹಾಲಲ್ಲಿ ಸಭೆ ಇದೆ, ಅಲ್ಲಿ ಓದಿ ಕೈ ತೊಳ್ಕೊಳ್ತೀನಿ. ಮಾರನೇ ದಿನ ನೀನೇ ಬಂದು ಬಣ್ಣ ಕೆರೆದು ತೆಗಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ತಪ್ಪಿನಿಂದ ಅಂತ ಬರೆದಿದೀರಲ್ಲ."

"ಮತ್ತೇನು, ಬೇಕು ಅಂತಲೇ ಮಾಡಿದ್ದಾ?"

ಗೆರೆಯಕ್ಕ ಹಾಳೆ ಮಡಚಿಕೊಂಡು ಹೊರಟಳು. ಸಹಿ ಹಾಕದಿದ್ದರೆ ಕೆಲಸವಿಲ್ಲ ಎಂದು ಅವನು ಬಾಗಿಲವರೆಗೂ ಬಂದು ಹೇಳಿದ.

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಮ್ಮನಿದ್ದರೆ ಅರವತ್ತೆರಡು ಜನ ಸೇರಿ ಹಂಪು ತೆಗೆಸುತ್ತಾರೆ. ನಿಜ ಹೇಳಿದರೆ ಕಾರುಗಳೆಲ್ಲ ಮತ್ತೆ ಹಾರಿಕೊಂಡು ಹೋಗುತ್ತವೆ. ಯಾವ ದಾರಿ ಹಿಡಿದರೂ ಕೊನೆಗೆ ಸೈಕಲ್ಲಿಗೆ ಹೊದಿಕೆಯೇ ಗತಿ. ಗಂಡನಿಗೆ ಹೇಳೋಣವೆಂದರೆ, ಅವನು ಅದನ್ನು ಉಬ್ಬೆಂದು ನಂಬಿಯೇ ಧೈರ್ಯ ತಂದುಕೊಂಡಿದ್ದಾನೆ ಎಂದು ಅವಳ ಎಣಿಕೆ. ಆ ಧೈರ್ಯ ಕೀಳಲು ಅವಳಿಗೆ ಮನಸ್ಸಾಗಲಿಲ್ಲ. ಎರಡು ದಿನ ಅವಳು ಮನೆಯಲ್ಲಿ ಪಾತ್ರೆ ಕುಕ್ಕಿದ್ದೇ ಕುಕ್ಕಿದ್ದು.

ಸಭೆಯ ದಿನ ಶಾಲೆಯ ಸಭಾಂಗಣ ತುಂಬಿತ್ತು. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ದೊಡ್ಡವರೆಲ್ಲ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಒಂದು ಕಡೆ ಯಜಮಾನರ ಬಳಗ, ಅದರಲ್ಲಿ ನಾದಿನಿಯೂ. ಇನ್ನೊಂದು ಕಡೆ ಸೈಕಲ್ಲಿನವರು, ಹತ್ತು ಹನ್ನೆರಡು ಜನ. ರೋಗಿಗಳ ಮನೆಗೆ ಹೋಗಿ ಇಂಜೆಕ್ಷನ್ ಕೊಡುವ ನರ್ಸಮ್ಮ, ಪೇಪರಿನವನು, ಕೀಲಿ ರಿಪೇರಿಯವನು, ಮತ್ತೆ ಗೆರೆಯಕ್ಕನ ಗಂಡ. ಮುಂದೆ ಮೇಜಿನ ಹಿಂದೆ ಎಂಜಿನಿಯರಮ್ಮ, ಗುರುತು ಹಾಕಿದವರಿಗೆ ವರ್ಗವಾಗಿ ಅವರ ಜಾಗಕ್ಕೆ ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಳು ಹಂಪಿನ ಜಾಗವನ್ನು ಕಡತದಲ್ಲಿ ನೋಡಿದ್ದಳೇ ಹೊರತು ಕಣ್ಣಿನಿಂದ ನೋಡಿರಲಿಲ್ಲ. ಎರಡೂ ಕಡೆಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ ಕೂತಳು.

ಯಜಮಾನರು ಎದ್ದರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದರು. ಬೆನ್ನಿನ ಕಥೆ, ಕನ್ನಡಿಯ ಕಥೆ, ಹಲ್ಲಿನ ಸೆಟ್ಟಿನ ಕಥೆ ಎಲ್ಲ ಆಯಿತು. ಗೆರೆಯಕ್ಕ ತುಟಿ ಕಚ್ಚಿಕೊಂಡು ಕೇಳಿದಳು. ಅಲ್ಲಿಗೇ ನಿಲ್ಲಿಸಿದ್ದರೆ ಅವಳು ಸುಮ್ಮನೆ ಮನೆಗೆ ಹೋಗುತ್ತಿದ್ದಳೋ ಏನೋ. ಆದರೆ ಯಜಮಾನರಿಗೆ ಚಪ್ಪಾಳೆ ಬಿತ್ತು, ಚಪ್ಪಾಳೆ ಬಿದ್ದವನ ನಾಲಿಗೆಗೆ ಲಗಾಮು ಇರುವುದಿಲ್ಲ.

"ಅಲ್ಲ, ಈ ಹಂಪು ಯಾರಿಗೋಸ್ಕರ? ನಾಲ್ಕು ಜನ ಸೈಕಲ್ಲಿನವರಿಗೋಸ್ಕರ! ನೆಟ್ಟಗೆ ಸೈಕಲ್ ಹೊಡೆಯೋಕೆ ಬರದೇ ಇರೋರು ಹಂಪು ಇದ್ರೂ ಬೀಳ್ತಾರೆ, ಇಲ್ದಿದ್ರೂ ಬೀಳ್ತಾರೆ!"

ಸಭೆ ನಕ್ಕಿತು. ಕೆಲವರು ತಿರುಗಿ ಕ್ಷೌರಿಕನನ್ನು ನೋಡಿದರು. ಅವನು ತಲೆ ತಗ್ಗಿಸಿ ಮಂಡಿಯ ಮೇಲೆ ಕೈ ಇಟ್ಟುಕೊಂಡ. ಆ ಕೈ ನೋಡಿದ್ದೇ ಗೆರೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಎರಡು ದಿನದ ಲೆಕ್ಕಾಚಾರ ಗಾಳಿಗೆ ಹೋಯಿತು. ಎದ್ದು ನಿಂತಳು.

"ಅಲ್ಲಿ ಹಂಪೇ ಇಲ್ಲ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ.

"ಹಂಪು ಇಲ್ಲ ಕಣ್ರೀ. ಬರೀ ಬಣ್ಣ. ಬಳಿದೋಳು ನಾನು. ಈ ಹಾಲಿನ ನೆಲ ಎಷ್ಟು ಚಪ್ಪಟೆ ಇದೆಯೋ ಅದೂ ಅಷ್ಟೇ ಚಪ್ಪಟೆ. ನಂಬಿಕೆ ಇಲ್ದಿದ್ರೆ ಹೋಗಿ ಅಂಗೈ ಇಟ್ಟು ನೋಡಿ."

"ತಪ್ಪಿನಿಂದ!" ಕಂಟ್ರಾಕ್ಟರು ಬೆಂಚಿನಿಂದ ಚಿಮ್ಮಿ ಎದ್ದ. "ಮೇಡಂ, ಆಯಮ್ಮ ಗಮನ ಇಲ್ದೆ, ತಪ್ಪಿನಿಂದ..."

"ತಪ್ಪಲ್ಲ!" ಗೆರೆಯಕ್ಕ ಮಡಚಿದ ಹಾಳೆಯನ್ನು ಬಿಡಿಸಿ, ಸಹಿಯ ಜಾಗ ಖಾಲಿ ಇರುವುದು ಎಲ್ಲರಿಗೂ ಕಾಣುವಂತೆ ಹಿಡಿದಳು. "ಚಪ್ಪಟೆ ಇರೋದು ನೋಡಿದೆ, ನೋಡೇ ಬಳಿದೆ. ಇಪ್ಪತ್ತಾರು ವರ್ಷದಲ್ಲಿ ಒಂದು ಗೆರೆ ಸೊಟ್ಟ ಎಳೆದಿಲ್ಲ ನಾನು. ಆವತ್ತು ನಡುಗೆರೆ ಎರಡು ಬೆರಳು ಬಾಗಿಸಿದೆ, ಅದೂ ಬೇಕು ಅಂತ. ಕೆಲಸ ಹೋದ್ರೆ ಹೋಗ್ಲಿ. ತಪ್ಪು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ."

"ಹಾಗಾದ್ರೆ ನನ್ನ ಬೆನ್ನು?" ಎಂದರು ಯಜಮಾನರು.

"ನಿಮ್ಮ ಬೆನ್ನಿಗೆ ನಾನೇನೂ ಬಳಿದಿಲ್ಲ, ಯಜಮಾನ್ರೇ."

ಈ ಸಲ ಸಭೆ ನಕ್ಕಿದ್ದು ಬೇರೆ ಕಡೆಯಿಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ತಳ ಉಜ್ಜಿದವರು, ಹಲ್ಲಿನ ಸೆಟ್ಟಿನವರು ಒಬ್ಬೊಬ್ಬರೇ ಕಿಟಕಿಯಾಚೆ ನೋಡತೊಡಗಿದರು. ನಾದಿನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಗೆರೆಯಕ್ಕನಿಗೆ ನಗು ಬರಲಿಲ್ಲ. ಕೋಪ ಇಳಿಯುತ್ತಿದ್ದಂತೆ ತಾನು ಮಾಡಿದ್ದು ಏನೆಂದು ಅರಿವಾಯಿತು. ಗಂಡನ ಕಡೆ ತಿರುಗಲು ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಅವನೇ ಎದ್ದ. ಜನರ ಮುಂದೆ ಎಂದೂ ಮಾತಾಡದವನು.

"ನಂಗೆ ಮೊದಲ ದಿನಾನೇ ಗೊತ್ತಾಯ್ತು," ಎಂದ. "ಸೈಕಲ್ ಮೇಲೆ ಹೋದೋನಿಗೆ ಗೊತ್ತಾಗ್ದೆ ಇರುತ್ತಾ? ಕೂತಿರೋ ಜಾಗಕ್ಕೇ ತಿಳಿಯುತ್ತೆ."

ಗೆರೆಯಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು.

"ನಂಗೂ ಗೊತ್ತಿತ್ತು," ಎಂದಳು ನರ್ಸಮ್ಮ. "ನಂಗೂ," ಎಂದ ಪೇಪರಿನವನು. ಕೀಲಿಯವನು ಸುಮ್ಮನೆ ಕೈ ಎತ್ತಿದ. ಎರಡು ಚಕ್ರದ ಮೇಲೆ ಆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಗೊತ್ತಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ. ಇಷ್ಟು ದಿನ ಒಂದು ಬಡಾವಣೆಯಲ್ಲಿ ಇಷ್ಟು ಜನ ಒಂದು ಗುಟ್ಟು ಉಳಿಸಿಕೊಂಡದ್ದು ಪ್ರಪಂಚದಲ್ಲಿ ಬೇರೆಲ್ಲೂ ಆಗಿರಲಾರದು.

"ಗೊತ್ತಿದ್ದೂ ಯಾಕ್ರೀ ಹೇಳ್ಲಿಲ್ಲ?" ಯಜಮಾನರು ಕಿರುಚಿದರು.

"ಹೇಳಿದ್ರೆ ನೀವು ಬ್ರೇಕ್ ಹಾಕ್ತಿದ್ರಾ?" ಎಂದಳು ನರ್ಸಮ್ಮ.

ಎಂಜಿನಿಯರಮ್ಮ ಕಡತ ತಿರುವಿ ತಿರುವಿ ನೋಡಿದಳು. ಅವಳ ಕಿವಿ ಕೆಂಪಾಗಿತ್ತು. ಆದರೆ ಈಗ ಅವಳು ದೀಪವನ್ನು ಒಂದೇ ಕಡೆ ಇಟ್ಟು ಮಾತಾಡಿದಳು.

"ಇಲ್ಲದೇ ಇರೋದನ್ನ ತೆಗೆಯೋಕಾಗಲ್ಲ. ಅರ್ಜಿ ವಜಾ. ಹಂಪು ಕಟ್ಟೋ ಆದೇಶ ಮಾತ್ರ ಇನ್ನೂ ಜೀವಂತ ಇದೆ. ಒಂಬತ್ತು ದಿನದಲ್ಲಿ ತಾರಿನವರು ಬರ್ತಾರೆ, ಈ ಸಲ ಪೊಲೀಸಿನವರ ಜೊತೆ." ಆಮೇಲೆ ಅರವತ್ತೆರಡು ಸಹಿಯ ಕಾಗದ ಎತ್ತಿ ಹಿಡಿದಳು. "ಈ ಜಾಗದಲ್ಲಿ ನಡೆದು ಹೋಗೋಷ್ಟು ನಿಧಾನ ಹೋಗಬೇಕಾಗಿದೆ ಅಂತ ನೀವೆಲ್ಲ ಬರೆದು ಕೊಟ್ಟಿದೀರಿ. ಹಂಪು ಹಾಕೋದೇ ಅದಕ್ಕೆ. ಇದನ್ನ ಕಡತದಲ್ಲಿ ಇಟ್ಕೊಳ್ತೀನಿ."

ಯಜಮಾನರು ಸೊಂಟದ ಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಿನ ಬಳಿ ನಿಂತರು. "ಒಂಬತ್ತು ದಿನ ಇದೆಯಲ್ಲ," ಎಂದರು ಎಲ್ಲರಿಗೂ ಕೇಳುವಂತೆ. "ಈಗ ಎಲ್ರಿಗೂ ಗೊತ್ತಾಯ್ತು. ಯಾರು ಬ್ರೇಕ್ ಹಾಕ್ತಾರೆ ನೋಡೇ ಬಿಡೋಣ." ಕಂಟ್ರಾಕ್ಟರು ಹೋಗುವಾಗ ಗೆರೆಯಕ್ಕನ ಮುಖ ನೋಡದೆ, "ನಾಳೆಯಿಂದ ಬರಬೇಡ," ಎಂದು ಹೇಳಿ ಹೋದ.

ಗಂಡ ಹೆಂಡತಿ ಮನೆಯ ದಾರಿ ಹಿಡಿದರು. ಕೆಲಸ ಹೋದದ್ದು ಅವಳಿಗೆ ಇನ್ನೂ ತಟ್ಟಿರಲಿಲ್ಲ.

"ಕೈಯಾರೆ ಕೆಡಿಸಿಬಿಟ್ಟೆ ರೀ," ಎಂದಳು. "ನನ್ನ ಬಾಯಿಗಿಷ್ಟು ಬೆಂಕಿ ಬೀಳ. ನಾಳೆ ನೀವು ಹೋಗಬೇಡಿ. ಒಂಬತ್ತು ದಿನ ತಾನೆ."

"ನಾಳೆ ಮೇಷ್ಟ್ರ ಗಡ್ಡದ ದಿನ."

"ಭಯ ಆಗಲ್ವಾ ನಿಮಗೆ?"

"ಆಗುತ್ತೆ," ಎಂದ ಅವನು. "ಚಪ್ಪಟೆ ಅಂತ ಗೊತ್ತಾದ ದಿನಾನೂ ಆಗಿತ್ತು. ಇಳಿದು ನಿಂತುಬಿಟ್ಟೆ. ಆಮೇಲೆ ಆ ಬಣ್ಣ ನೋಡಿದೆ. ನಡುಗೆರೆ ಬಾಗಿರೋದು ನೋಡಿದೆ. ಸೊಟ್ಟ ಗೆರೆ ಎಳೆಯೋಳಲ್ಲ ನೀನು. ಯಾಕೆ ಎಳೆದಿದೀಯ ಅಂತ ಯೋಚನೆ ಮಾಡಿದೆ. ಮತ್ತೆ ಹತ್ತಿದೆ."

ಅವಳು ರಸ್ತೆಯಲ್ಲೇ ಅವನ ಕೈ ಹಿಡಿದುಕೊಂಡಳು. ಮೂವತ್ತು ವರ್ಷದ ಸಂಸಾರದಲ್ಲಿ ರಸ್ತೆಯಲ್ಲಿ ಕೈ ಹಿಡಿದವರಲ್ಲ ಅವರು.

ಬೆಳಿಗ್ಗೆ ಏಳೂವರೆಗೆ ಮೊದಲ ಕಾರು ಬೋರ್ಡು, ಬಣ್ಣ ಯಾವುದನ್ನೂ ಲೆಕ್ಕಿಸದೆ ಹಾರಿತು. ಎರಡನೆಯದು ಹಾರುತ್ತಾ ಹಾರನ್ ಬೇರೆ ಬಾರಿಸಿತು. ಕ್ಷೌರಿಕ ಪೆಟ್ಟಿಗೆ ಕಟ್ಟಿ ಸೈಕಲ್ ಹೊರಗಿಟ್ಟ. ಗೆರೆಯಕ್ಕ ಬಾಗಿಲಲ್ಲಿ ನಿಂತು ನೋಡಿದಳು, ಚಪ್ಪಲಿ ಮೆಟ್ಟಿದಳು, ಎರಡು ಮನೆ ಆಚೆಗಿನ ಕೊಪ್ಪರಿಗೆಯವನ ಗೇಟು ತಳ್ಳಿ ಅವನ ಸೈಕಲ್ ಎಳೆದುಕೊಂಡಳು. ಅವನು ಲಾರಿಗೆ ಹೊರಟಿದ್ದ.

"ಅಕ್ಕಾ, ನಿಂಗೆ ಬರುತ್ತಾ?"

"ಚಿಕ್ಕವಳಿದ್ದಾಗ ಬರ್ತಿತ್ತು. ಅದೇನು ಮರೆತುಹೋಗೋಕೆ ಮಗ್ಗಿಯಾ?"

ಮರೆತೇ ಹೋಗಿತ್ತು. ಎರಡು ಸಲ ಗೋಡೆಗೆ ಒರಗಿದಳು, ಒಂದು ಸಲ ಮೋರಿಯ ಕಡೆ ವಾಲಿದಳು. ಮೂರನೇ ಸಲ ಚಕ್ರ ಅವಳ ಮಾತು ಕೇಳಿತು. ಬಿಳಿ ತ್ರಿಕೋನಗಳ ಹತ್ತಿರ ಬಂದಾಗ ಅವಳು ಅಂಚಿಗೆ ಸರಿಯಲಿಲ್ಲ. ರಸ್ತೆಯ ನಟ್ಟನಡುವೆ, ನಡುಗೆರೆಯ ಪಕ್ಕದಲ್ಲಿ, ಬೀಳದೆ ಹೋಗಲು ಎಷ್ಟು ಬೇಕೋ ಅಷ್ಟೇ ವೇಗದಲ್ಲಿ ಹೋದಳು. ಗಂಡ ಅವಳ ಮುಂದೆ. ಹಿಂದಿನಿಂದ ಗಂಟೆಯ ಸದ್ದು, ತಿರುಗಿದರೆ ನರ್ಸಮ್ಮ. ಅವಳ ಹಿಂದೆ ಪೇಪರಿನವನು, ಕ್ಯಾರಿಯರಿನಲ್ಲಿ ಪೇಪರಿನ ಕಟ್ಟು ಹಾಗೇ ಇದೆ. ಯಾರೂ ಯಾರನ್ನೂ ಕರೆದಿರಲಿಲ್ಲ.

ಕಾರುಗಳು ಹಿಂದೆ ಸಾಲುಗಟ್ಟಿದವು. ಯಜಮಾನರ ದೊಡ್ಡ ಕಾರು ಸಾಲು ಬಿಟ್ಟು ಪಕ್ಕಕ್ಕೆ ಹೊರಬಂದು, ಎಲ್ಲರನ್ನೂ ದಾಟಿ ನುಗ್ಗಲು ನೋಡಿತು. ಆಗ ಲಾಂಡ್ರಿ ಪಕ್ಕದ ಗಲ್ಲಿಯಿಂದ ಮಂಚದಂಗಡಿಯ ವ್ಯಾನು ಹೊರಬಿತ್ತು. ತಿರುಗಿ, ಎದುರು ಬರುವವರ ಅರ್ಧ ರಸ್ತೆಗೆ ಅಡ್ಡವಾಗಿ, ಯಜಮಾನರ ಕಾರಿನ ಮೂತಿಗೆ ಮೊಳದಷ್ಟು ದೂರದಲ್ಲಿ ನಿಂತಿತು. ನಾದಿನಿ ಕಿಟಕಿಯಿಂದ ತಲೆ ಹೊರಹಾಕಿದಳು.

"ನಿಧಾನ ಯಜಮಾನ್ರೇ, ಒಳಗೆ ಕನ್ನಡಿ ಇದೆ! ನಮ್ಮಣ್ಣನೂ ಮುಂದೆ ಇದಾನೆ!"

ಯಜಮಾನರು ಹಾರನ್ನಿನ ಮೇಲೆ ಅಂಗೈ ಒತ್ತಿಟ್ಟರು. ಅವರ ಮುಖ ಕಾರಿಗಿಂತ ಮುಂದೆ ಬಂದಿತ್ತು, ಮಾತು ಗೆರೆಯಕ್ಕನ ಕಡೆಗೆ. "ರಸ್ತೆ ನಿಮ್ಮಪ್ಪಂದಾ? ಹಂಪೇ ಇಲ್ಲ ಅಂತ ನೀನೇ ಹೇಳ್ದೆ! ಇಲ್ಲಿ ಯಾಕೆ ನಿಲ್ಬೇಕು ನಾನು?"

ಗೆರೆಯಕ್ಕ ಒಂದು ಕಾಲು ನೆಲಕ್ಕೆ ಊರಿ ತಿರುಗಿದಳು. ಅವಳಿಗೆ ಏದುಸಿರು, ಆದರೂ ಮಾತು ಮಾತ್ರ ನೇರವಾಗಿ ಬಂತು.

"ಹಂಪು ಬರೋ ತನಕ ನಾವೇ ಹಂಪು. ಒಂಬತ್ತು ದಿನ ದಿನಾ ಬರ್ತೀವಿ. ನಂಗೀಗ ಬೇರೆ ಕೆಲಸಾನೂ ಇಲ್ಲ. ಬ್ರೇಕ್ ಹಾಕಿ."

ಹಾರನ್ನು ಒಂದೆರಡು ಸಲ ಬಿಕ್ಕಿ ನಿಂತಿತು. ಅವಳು ಮತ್ತೆ ಪೆಡಲ್ ಮೇಲೆ ಕಾಲಿಟ್ಟು ಮುಂದೆ ನೋಡಿದಳು. ಗಂಡ ಈ ಗಲಾಟೆಗೆ ತಿರುಗಿರಲಿಲ್ಲ. ತಾನು ಬಿದ್ದಿದ್ದ ಮೋರಿ ಕಲ್ಲನ್ನು ದಾಟುತ್ತಿದ್ದ. ಮೊದಲೆಲ್ಲ ಅಂಚಿಗೆ ಅಂಟಿಕೊಂಡು ತಿರುಗುತ್ತಿದ್ದ ಆ ತಿರುವನ್ನು ಇವತ್ತು ರಸ್ತೆಯ ನಡುವಿನಲ್ಲಿ, ಆರಾಮಾಗಿ ಬೆಲ್ ಮಾಡುತ್ತಾ ತಿರುಗಿ, ಮೇಷ್ಟ್ರ ಮನೆಯ ಕಡೆ ಹೋದ.